ನದಿಯಾಚೆಯ ಪಂಪು

ಗೆರಾಸಿಮ್ ಬುಜೋರನಿಗೆ ಫೋನಿನ ಮೇಲೆ ನಂಬಿಕೆ ಇರಲಿಲ್ಲ. ಕಾಗದದ ಮೇಲಿನ ನಂಬಿಕೆ ಅದಕ್ಕೂ ಎಷ್ಟೋ ಮೊದಲೇ ಹೋಗಿತ್ತು. ಮೂವತ್ತೊಂದು ವರ್ಷ ಲುಂಟ್ರೆನಿಯಲ್ಲಿ ಅಂಚೆ ಹಂಚಿದ ಮನುಷ್ಯ ಅವನು. ಹಳೆಯ ಸರ್ಕಾರದ ಕಾಲದಲ್ಲಿ ನದಿಯಾಚೆಯಿಂದ ಬಂದ ಲಕೋಟೆಗಳ ಅಂಟು ಯಾವಾಗಲೂ ಕೊಂಚ ಹಸಿಯಾಗಿರುತ್ತಿದ್ದುದನ್ನು ತನ್ನ ಹೆಬ್ಬೆರಳಿನಿಂದಲೇ ಮುಟ್ಟಿ ತಿಳಿದವನು. ಆಮೇಲೆ ಸರ್ಕಾರ ಬದಲಾಯಿತು, ದೇಶ ಯುರೋಪಿನ ಒಕ್ಕೂಟಕ್ಕೆ ಸೇರಿತು, ಊರಿನ ಅಂಚಿನಲ್ಲಿ ತನ್ನ ಪಾಡಿಗೆ ಹರಿಯುತ್ತಿದ್ದ ಪ್ರೂತ್ ನದಿ ಇಪ್ಪತ್ತೇಳು ದೇಶಗಳ ಗಡಿಯಾಗಿ ಕುಳಿತುಕೊಂಡಿತು. ಆದರೆ ಗೆರಾಸಿಮನ ಹೆಬ್ಬೆರಳು ಏನನ್ನೂ ಮರೆತಿರಲಿಲ್ಲ.

ಆಚೆ ದಡಕ್ಕೆ ಮದುವೆಯಾಗಿ ಹೋಗಿದ್ದ ತಂಗಿ ಅಗ್ಲಾಯಾ ಒಮ್ಮೆ ಬಂದಾಗ ಫೋನೊಂದನ್ನು ತಂದುಕೊಟ್ಟಳು. ಮೊದಲ ದಿನವೇ, ಅವನು ಹಿತ್ತಲಿನಲ್ಲಿ ಟೊಮೆಟೊ ಗಿಡಗಳಿಗೆ ಕೋಲು ಕಟ್ಟುತ್ತಿರುವಾಗ, ಅದು ಜೇಬಿನಲ್ಲಿ ಗುರ್ ಎಂದಿತು. ತೆಗೆದು ನೋಡಿದರೆ ಸಂದೇಶ: ‘ಮೊಲ್ದೋವಾ ದೇಶಕ್ಕೆ ಸುಸ್ವಾಗತ.’ ಆಚೆ ದಡದ ಗೋಪುರ ಈಚೆಯವರ ಫೋನುಗಳನ್ನು ಸೆಳೆದುಕೊಳ್ಳುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಗೆರಾಸಿಮ್ ಮಾತ್ರ ಬೆವೆತುಹೋದ.

“ನಾನು ನನ್ನ ಹಿತ್ತಲಲ್ಲಿ ನಿಂತಿದ್ದೀನಿ. ಇದು ನನ್ನನ್ನ ಪರದೇಶಕ್ಕೆ ಸ್ವಾಗತ ಮಾಡ್ತಿದೆ. ನಾನೆಲ್ಲಿ ನಿಂತಿದ್ದೀನಿ ಅಂತ ಇದಕ್ಕೆ ಹೇಳಿದೋರು ಯಾರು?” ಎಂದು ಟೊಮೆಟೊ ಗಿಡಗಳನ್ನೇ ಕೇಳಿದ. ಅಂದಿನಿಂದ ಫೋನು ಮೆಕ್ಕೆಜೋಳದ ಹಿಟ್ಟಿನ ಡಬ್ಬಿಯಲ್ಲಿ, ಮುಚ್ಚಳ ಬಿಗಿದುಕೊಂಡು, ವಾಸವಾಯಿತು.

ಹೀಗಾಗಿ ತಂಗಿಯ ಜೊತೆ ಗುಟ್ಟಿನ ಮಾತೇನಾದರೂ ಇದ್ದರೆ ಅವನು ಪ್ರತಿ ಗುರುವಾರ ಸಂಜೆ ಐದಕ್ಕೆ ನದಿ ದಡಕ್ಕೆ ಹೋಗಿ, ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು, ಎಂಬತ್ತು ಮೀಟರ್ ಆಚೆಗೆ ಕೂಗಿ ಹೇಳುತ್ತಿದ್ದ. ಇದರಲ್ಲಿ ಅವನಿಗೆ ಯಾವ ವಿಚಿತ್ರವೂ ಕಾಣಿಸಿರಲಿಲ್ಲ. “ಗಾಳಿಗೆ ಯಾರಾದ್ರೂ ತಂತಿ ಹಾಕೋಕಾಗುತ್ತಾ?” ಎನ್ನುವುದು ಅವನ ವಾದ.

ಈ ಸಲದ ಗುಟ್ಟು ದೊಡ್ಡದು. ಗೆರಾಸಿಮ್ ಮತ್ತೆ ಮದುವೆಯಾಗಬೇಕೆಂದಿದ್ದ.

ಅರವತ್ತಮೂರು ವರ್ಷದ, ಮಕ್ಕಳಿಲ್ಲದ ವಿಧುರ ಮದುವೆಯಾಗುವುದರಲ್ಲಿ ತಪ್ಪೇನೂ ಇಲ್ಲ. ತೊಡಕು ಬೇರೆಯದಿತ್ತು. ನಾಲ್ಕು ವರ್ಷದ ಹಿಂದೆ, ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನದ ಊಟದಲ್ಲಿ, ಮನೆಯ ವೈನು ಮೂರು ಲೋಟ ಒಳಗೆ ಹೋದ ಮೇಲೆ ಅವನು ಮೇಜಿನ ತುದಿಯಲ್ಲಿ ಎದ್ದು ನಿಂತು, “ಈ ಹೊಸಿಲನ್ನ ಇನ್ನೊಬ್ಬ ಹೆಂಗಸು ದಾಟಲ್ಲ!” ಎಂದು ಘೋಷಿಸಿಬಿಟ್ಟಿದ್ದ. ಊರಿಗೆ ಊರೇ ಕೇಳಿತ್ತು. ಪಾದ್ರಿಗಳು ಕಣ್ಣೊರೆಸಿಕೊಂಡಿದ್ದರು. ಮೇಯರ್ ನಿಕಿಫೋರ್ ಅವನನ್ನು ತಬ್ಬಿಕೊಂಡು, “ಗಂಡಸು ಅಂದ್ರೆ ನೀನಪ್ಪಾ” ಎಂದಿದ್ದ.

ಎರಡನೆಯ ತೊಡಕು ಪಕ್ಕದ ಮನೆಯ ಪ್ರೊಫೀರಾ. ಆಕೆಯೂ ವಿಧವೆ. ಮಂಗಳವಾರ ಮತ್ತು ಶುಕ್ರವಾರ ಬೇಲಿಯ ಮೇಲಿಂದ ಕೋಳಿಯ ಹುಳಿಸಾರಿನ ಪಾತ್ರೆ ದಾಟಿಸುತ್ತಿದ್ದಳು. ಊರಿಗೆಲ್ಲ ಗೆರಾಸಿಮಣ್ಣನಾಗಿದ್ದವನು ಆಕೆಗೆ ಮಾತ್ರ ಬರೀ ಗೆರಾಸಿಮ್. ‘ಅಣ್ಣ’ ಎನ್ನುವುದನ್ನು ಆಕೆ ನಾಲ್ಕು ವರ್ಷದ ಹಿಂದೆ, ಸಾರು ಶುರುಮಾಡಿದ ವಾರವೇ ನಿಲ್ಲಿಸಿದ್ದಳು. ಸಾರು ಚೆನ್ನಾಗಿತ್ತು. ಆದರೆ ಪ್ರತಿ ಚಮಚದಲ್ಲೂ ಏನೋ ಒಂದು ಪ್ರಶ್ನೆ ತೇಲುತ್ತಿದೆ ಎಂದು ಗೆರಾಸಿಮನಿಗೆ ಅನುಮಾನ.

ಈಸ್ಟರಿಗೆ ಅಗ್ಲಾಯಾ ಬಂದಿದ್ದಾಗ ಅಣ್ಣ ತಂಗಿ ಅಡುಗೆಮನೆಯಲ್ಲಿ ಪರದೆ ಎಳೆದು, ರೇಡಿಯೋ ಜೋರಾಗಿ ಹಾಕಿ ಕುಳಿತು ಮಾತಾಡಿದ್ದರು. ಆಚೆ ದಡದ, ಅದೇ ಹೆಸರಿನ ಲುಂಟ್ರೆನಿಯಲ್ಲಿ ಲಿಸಾವೇತಾ ಎಂಬಾಕೆ ಇದ್ದಾಳೆ; ಹಣ್ಣಿನ ಡಬ್ಬಿ ಕಾರ್ಖಾನೆಯಲ್ಲಿ ಪಾಳಿ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು, ಗಂಡ ಹೋಗಿ ಆರು ವರ್ಷ. ಅಗ್ಲಾಯಾ ವಿಚಾರಿಸಿ ತಿಳಿಸಬೇಕು.

“ಆದ್ರೆ ಕೂಗುವಾಗ ಹೆಂಗಸು ಅನ್ನಬೇಡ, ಮದುವೆ ಅನ್ನಬೇಡ” ಎಂದ ಗೆರಾಸಿಮ್.

“ಮತ್ತೇನು ಅನ್ನಲಿ?”

ಅವನು ಪರದೆ ಸರಿಸಿ ಅಂಗಳ ನೋಡಿದ. ತುಕ್ಕು ಹಿಡಿದ ನೀರಿನ ಪಂಪು ಕಣ್ಣಿಗೆ ಬಿತ್ತು.

“ಪಂಪು ಅನ್ನು.”

ಮೇ ತಿಂಗಳ ಕೊನೆಯ ಗುರುವಾರ ಸಂಜೆ ಐದು ಗಂಟೆ. ಈಚೆ ದಡದಲ್ಲಿ ನಾಲ್ವರು ಗಾಳ ಹಾಕಿ ಕುಳಿತಿದ್ದರು. ಪ್ರೊಫೀರಾ ಬಾತುಕೋಳಿಗಳನ್ನು ಹುಡುಕುತ್ತ ಬಂದಿದ್ದಳು. ಗೆರಾಸಿಮ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಇವರೆಲ್ಲ ಇದ್ದದ್ದೇ ಎಂದುಕೊಂಡು ಗಂಟಲು ಸರಿಮಾಡಿಕೊಂಡ.

“ಪಂಪು ನೋಡಿದ್ಯಾ?”

“ನೋಡಿದೆ ಅಣ್ಣಾ! ಗಟ್ಟಿಯಾಗಿದೆ!” ಆಚೆಯಿಂದ ಅಗ್ಲಾಯಾಳ ದನಿ ನೀರಿನ ಮೇಲೆ ಜಾರಿ ಬಂತು. ಕುಟುಂಬದಲ್ಲಿ ಎಲ್ಲರಿಗೂ ಒಳ್ಳೆಯ ಗಂಟಲು.

“ಎಷ್ಟು?”

“ಐವತ್ತೆಂಟು!”

“ಐವತ್ತೆಂಟಾ? ಐವತ್ತು ಅಂದಿದ್ಯಲ್ಲೇ?”

“ಬಣ್ಣ ನೋಡಿ ಹಾಗಂದೆ!”

ಗೆರಾಸಿಮ್ ನೀರಿನ ಕಡೆಗೆ ಇನ್ನೊಂದು ಹೆಜ್ಜೆ ಇಟ್ಟ. “ಸದ್ದು ಮಾಡುತ್ತಾ?”

“ಬೆಳಗ್ಗೆ ಶುರುವಾದ್ರೆ ಮಧ್ಯಾಹ್ನದವರೆಗೂ ನಿಲ್ಲಲ್ಲ!”

“ಹಳೇ ಮಾಲೀಕ ಏನಾದ?”

“ಸತ್ತ! ಹೃದಯ ನಿಂತೋಯ್ತು!”

“ಪಂಪಿನಿಂದಲಾ?”

“ಕೆಲವರು ಹಾಗಂತಾರೆ!”

“ಈಚೆಗೆ ತರೋಕೆ ಕಾಗದಪತ್ರ ಇದೆಯಾ?”

“ಹೊಸ ಪಾಸ್‌ಪೋರ್ಟ್ ಇದೆ! ಹತ್ತು ವರ್ಷದ್ದು!”

ಇಷ್ಟನ್ನೂ ಹತ್ತು ಹೆಜ್ಜೆ ಹಿಂದೆ, ನೀರಿಗೆ ಬಾಗಿದ ವಿಲ್ಲೋ ಮರಗಳ ಗುಂಪಿನೊಳಗೆ ಕುಳಿತು ಗಡಿ ಪೊಲೀಸ್ ಇನ್‌ಸ್ಪೆಕ್ಟರ್ ಕೊಸ್ಮಿನ್ ಬರೆದುಕೊಳ್ಳುತ್ತಿದ್ದ. ಮೂವತ್ತೊಂದರ ಉತ್ಸಾಹಿ. ಬೆಟ್ಟದ ಸೀಮೆಯವನು, ಈ ಠಾಣೆಗೆ ಬಂದು ಎಂಟು ತಿಂಗಳಾಗಿತ್ತು. ದಡದಲ್ಲಿ ನೆಟ್ಟಿದ್ದ ಕ್ಯಾಮೆರಾ ಐದು ಕಿಲೋಮೀಟರ್ ದೂರದ ಮೊಲವನ್ನು ಕತ್ತಲಲ್ಲೂ ತೋರಿಸುತ್ತಿತ್ತು, ಎಂಟು ತಿಂಗಳಿಂದ ಬರೀ ಮೊಲವನ್ನೇ ತೋರಿಸಿತ್ತು. ಅವನ ವರದಿ ಅದೇ ಸಂಜೆ ಜಿಲ್ಲಾ ಕೇಂದ್ರಕ್ಕೆ ಹೋಯಿತು:

‘ವಸ್ತು: ಪಂಪು (ಸಂಕೇತನಾಮ ಎಂದು ಶಂಕೆ). ಸಂಖ್ಯೆ: ಐವತ್ತೆಂಟು. ಹೊರಗೆ ಬಣ್ಣ ಬಳಿದು ಮರೆಮಾಚಲಾಗಿದೆ. ಹಿಂದಿನ ಮಾಲೀಕ ಮೃತ; ಸಾವಿಗೆ ಪಂಪೇ ಕಾರಣವೇ ಎಂಬ ಬಗ್ಗೆ ಶಂಕಿತರಿಗೇ ಖಚಿತವಿಲ್ಲ. ವಸ್ತುವಿನ ಬಳಿ ಪಾಸ್‌ಪೋರ್ಟ್ ಇದೆ.’

ಜಿಲ್ಲಾ ಕೇಂದ್ರದವರು ಕೊನೆಯ ವಾಕ್ಯವನ್ನು ಮೂರು ಸಲ ಓದಿ, ‘ನಿಗಾ ಮುಂದುವರಿಸಿ’ ಎಂದು ಉತ್ತರಿಸಿದರು. ಅವರಿಗೂ ಬೇರೇನು ಬರೆಯಬೇಕೋ ತೋಚಿರಲಿಕ್ಕಿಲ್ಲ.

ಮರುದಿನ ಶುಕ್ರವಾರ. ಪ್ರೊಫೀರಾ ಸಾರಿನ ಪಾತ್ರೆಯನ್ನು ಬೇಲಿಯ ಮೇಲಿಟ್ಟಳು, ಆದರೆ ಕೈ ಬಿಡಲಿಲ್ಲ.

“ಪಂಪು ಕೊಳ್ತಿದ್ದೀಯಂತೆ.”

ಗೆರಾಸಿಮ್ ಸುತ್ತಲೂ ಕಣ್ಣಾಡಿಸಿದ. “ಯಾರು ಹೇಳಿದ್ದು?”

“ನೀನೇ. ಕೂಗಿದ್ಯಲ್ಲ.”

“ಕದ್ದು ಕೇಳಿಸ್ಕೊಂಡ್ಯಾ?”

“ನನ್ನ ಬಾತುಕೋಳಿಗಳೂ ಕೇಳಿಸ್ಕೊಂಡ್ವು. ಅಂಗಳದಲ್ಲಿ ಒಂದಿದೆಯಲ್ಲ, ಮತ್ತೊಂದ್ಯಾಕೆ? ಎಲ್ಲಿ ಇಡ್ತೀಯ?”

“ಮನೆಯೊಳಗೆ.”

“ಪಂಪನ್ನ ಮನೆಯೊಳಗಾ? ಒಳಗೆ ಎಲ್ಲಿ?”

ಗೆರಾಸಿಮ್ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ. “ಅದು... ಇಡುವ ಜಾಗದಲ್ಲಿ.”

ಪ್ರೊಫೀರಾ ಅವನ ಮುಖವನ್ನೇ ನೋಡುತ್ತ ನಿಂತಳು. ಮೂವತ್ತು ವರ್ಷ ಮಾರುಕಟ್ಟೆಯಲ್ಲಿ ಮೊಟ್ಟೆ ಮಾರಿದವಳು. ಯಾವುದು ಹಳಸಿದೆ, ಯಾವುದು ಇಲ್ಲ ಎಂದು ಸಿಪ್ಪೆ ನೋಡಿ ಹೇಳಬಲ್ಲಳು. ಪಾತ್ರೆಯನ್ನು ಅರ್ಧ ಇಂಚು ತನ್ನ ಕಡೆಗೆ ಎಳೆದುಕೊಂಡು, ಮತ್ತೆ ಏನೋ ನೆನೆದು ಕೊಟ್ಟುಬಿಟ್ಟಳು.

ಸಾರು ಮುಗಿಯುವ ಮೊದಲೇ ಮೇಯರ್ ನಿಕಿಫೋರ್ ಬಂದ. ಬಾಗಿಲು ಹಾಕಿಕೊಂಡು, ಟೋಪಿ ತೆಗೆದು ಮೇಜಿನ ಮೇಲಿಟ್ಟು, ಪಿಸುಗುಟ್ಟಿದ.

“ಎಷ್ಟು ವರ್ಷದ ಸ್ನೇಹ ನಮ್ಮದು?”

“ಐವತ್ತು.”

“ಹಾಗಾದ್ರೆ ಹೇಳು. ಒಕ್ಕೂಟದಿಂದ ಪಂಪಿನ ಯೋಜನೆ ಬಂದಿದೆ ತಾನೇ? ಗಡಿ ಊರುಗಳಿಗೆ ಅಂತ? ನನ್ನ ಕಚೇರಿಯನ್ನ ಬಿಟ್ಟು ನೇರವಾಗಿ ನಿನಗೆ ಬಂತಾ?”

“ಯಾವ ಯೋಜನೆನೂ ಇಲ್ಲ ಕಣೋ.”

“ಇಲ್ಲ ಅನ್ನು. ಐವತ್ತೆಂಟು ಪಂಪು, ಗೆರಾಸಿಮ್! ಊರಲ್ಲಿ ಮನೆ ಎಷ್ಟು? ಐವತ್ತೊಂಬತ್ತು! ಬಿಟ್ಟುಹೋಗಿರೋ ಒಂದು ಮನೆ ಯಾರದು, ಅದನ್ನ ಹೇಳು. ನನ್ನದಾ?”

ಇಲ್ಲ ಎಂದಷ್ಟೂ ನಿಕಿಫೋರನ ಅನುಮಾನ ಗಟ್ಟಿಯಾಯಿತು. ಸುಮ್ಮನಿದ್ದರೆ ಖಾತರಿಯೇ ಆಯಿತು. ಸೋಮವಾರ ಬೆಳಗ್ಗೆ ಮೇಯರ್ ಕಚೇರಿಯ ಮುಂದೆ ನಲವತ್ತಮೂರು ಜನ ಪಂಪಿಗೆ ಅರ್ಜಿ ಹಿಡಿದು ನಿಂತಿದ್ದರು. ಇಬ್ಬರಿಗೆ ಬಾವಿಯೇ ಇರಲಿಲ್ಲ. ಅರ್ಜಿಯ ಮಾದರಿಯನ್ನು ಯಾರು ತಯಾರಿಸಿದರು ಎಂಬುದು ಇಂದಿಗೂ ಗೊತ್ತಾಗಿಲ್ಲ; ಆದರೆ ಅದರಲ್ಲಿ ‘ಹಿಂದಿನ ಮಾಲೀಕರ ಮರಣ ಪ್ರಮಾಣಪತ್ರ ಲಗತ್ತಿಸುವುದು’ ಎಂಬ ಕಾಲಮ್ಮೂ ಇತ್ತು.

ಗೆರಾಸಿಮನಿಗೆ ಈಗ ಹೊಳೆಯಿತು: ಗುಟ್ಟು ಎಲ್ಲಿಂದಲೋ ಸೋರುತ್ತಿದೆ. ಮನೆಯನ್ನೆಲ್ಲ ತಡಕಾಡಿದ. ಹಿಟ್ಟಿನ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಕೋಳಿಗೂಡಿನಲ್ಲಿಟ್ಟ. ರೇಡಿಯೋದ ಮುಖ ಗೋಡೆಗೆ ತಿರುಗಿಸಿದ. ಗುರುವಾರದವರೆಗೆ ಕಾಯುವುದು ಅಪಾಯವೆಂದು ಬುಧವಾರವೇ ನದಿಗೆ ಹೋಗಿ, ತಂಗಿಯನ್ನು ಹೆಸರು ಹಿಡಿದು ಅವಳ ಮನೆಯ ಕಿಟಕಿ ತೆರೆಯುವವರೆಗೆ ಕೂಗಿದ. ಆಗಲೇ ಮರಗಳ ಗುಂಪಿನಲ್ಲಿ ಪೊಲೀಸ್ ಟೋಪಿಯೊಂದು ಅಲ್ಲಾಡಿದ್ದು ಕಾಣಿಸಿತು. ಇನ್ನು ತಡಮಾಡುವಂತಿರಲಿಲ್ಲ.

“ಅಗ್ಲಾಯಾ! ಕದ್ದು ಕೇಳ್ತಿದ್ದಾರೆ! ಇನ್ಮೇಲೆ ಪಂಪು ಅನ್ನಬೇಡ! ಮೇಕೆ ಅನ್ನು!”

“ಏನು?”

“ಮೇಕೆ!”

“ಯಾವ ಮೇಕೆ?”

“ಪಂಪೇ ಮೇಕೆ! ಇವತ್ತಿಂದ!”

ಅಗ್ಲಾಯಾ ಕಿಟಕಿಯಿಂದ ಇನ್ನಷ್ಟು ಹೊರಗೆ ಬಾಗಿದಳು. ಆಮೇಲೆ, “ಸರಿ ಅಣ್ಣಾ! ಆದ್ರೆ ಮೇಕೆಗೆ ಸಿಟ್ಟು ಬಂದಿದೆ! ನಾಲ್ಕು ದಿನದಿಂದ ನನ್ನ ಜೊತೆ ಮಾತಾಡ್ತಿಲ್ಲ!”

“ಯಾಕೆ?”

“ಗೊತ್ತಿಲ್ಲ! ಬೇಲಿ ಹತ್ರ ಹೋದ್ರೆ ಬಾಗಿಲು ಹಾಕ್ಕೊಳ್ಳುತ್ತೆ!”

ಇನ್‌ಸ್ಪೆಕ್ಟರ್ ಕೊಸ್ಮಿನ್ ಬರೆದುಕೊಂಡ: ‘ಮೇಕೆ ಸಾಮಾನ್ಯ ದಿನಗಳಲ್ಲಿ ಮಾತಾಡುತ್ತದೆ. ಬಾಗಿಲು ಹಾಕಲು ಬಲ್ಲದು.’

ಪಂಪು ಇದ್ದಷ್ಟು ದಿನ ವಿಷಯ ಪೊಲೀಸರದಷ್ಟೇ ಆಗಿತ್ತು. ಮೇಕೆ ಎಂದ ಕ್ಷಣ ಪಶು ಇಲಾಖೆಯೂ ಒಳಗೆ ಬಂತು. ಒಕ್ಕೂಟದ ಗಡಿಯನ್ನು ಜೀವಂತ ಪ್ರಾಣಿ ಕಾಗದಪತ್ರವಿಲ್ಲದೆ ದಾಟುವುದೆಂದರೆ ಸಣ್ಣ ಮಾತೇ? ಶುಕ್ರವಾರ ಬೆಳಗ್ಗೆ ಎಂಟಕ್ಕೆ ಗೆರಾಸಿಮನನ್ನು ಠಾಣೆಗೆ ಕರೆಸಿದರು. ಜಿಲ್ಲೆಯ ಪಶುವೈದ್ಯಾಧಿಕಾರಿ ಬಿಳಿ ಕೋಟು ಹಾಕಿಕೊಂಡು, ಕೈಗವಸು ತೊಟ್ಟು ಕುಳಿತಿದ್ದರು. ನಲವತ್ತಮೂರು ಅರ್ಜಿಗಳ ಕಟ್ಟಿನ ಜೊತೆ ಮೇಯರ್ ಬಂದಿದ್ದ. ಸಾಕ್ಷಿ ಎಂದು ಪ್ರೊಫೀರಾಳನ್ನೂ ಕರೆದಿದ್ದರು; ಶುಕ್ರವಾರವಾದ್ದರಿಂದ ಆಕೆ ಸಾರಿನ ಪಾತ್ರೆಯ ಸಮೇತ ಬಂದು ಗೋಡೆ ಪಕ್ಕದ ಬೆಂಚಿನಲ್ಲಿ ಕುಳಿತಿದ್ದಳು. ಪೊಲೀಸರು ಠಾಣೆಯ ಜೀಪಿನಲ್ಲಿ ಗೆರಾಸಿಮನನ್ನು ಕರೆದೊಯ್ದದ್ದನ್ನು ನೋಡಿದ ಗಾಳದವರು ಅಷ್ಟುಹೊತ್ತಿಗೆ ಸುದ್ದಿಯನ್ನು ಆಚೆ ದಡಕ್ಕೆ ಕೂಗಿ ಮುಟ್ಟಿಸಿಯಾಗಿತ್ತು.

“ನೇರವಾಗಿ ಕೇಳ್ತೀನಿ” ಎಂದ ಕೊಸ್ಮಿನ್. “ಮೇಕೆ ಎಲ್ಲಿದೆ?”

“ಆಚೆ ದಡದಲ್ಲಿ, ಸಾಹೇಬ್ರೇ.”

“ಅಂದ್ರೆ ಮೇಕೆ ಇರೋದು ನಿಜ!”

ಗೆರಾಸಿಮ್ ನಾಲಿಗೆ ಕಚ್ಚಿಕೊಂಡ. ಪಶುವೈದ್ಯರು ಮುಂದೆ ಬಾಗಿದರು. “ಕಿವಿಯಲ್ಲಿ ಬಿಲ್ಲೆ ಇದೆಯಾ?”

“ಓಲೆ ಇರಬಹುದು. ನಾನು ಹತ್ತಿರದಿಂದ ನೋಡಿಲ್ಲ.”

“ಕಾಲುಬಾಯಿ ರೋಗ?”

“ಕಾಲಿನ ವಿಷಯ ಗೊತ್ತಿಲ್ಲ. ಬಾಯಿ ಚೆನ್ನಾಗಿದೆ ಅಂತ ಕೇಳಿದ್ದೀನಿ.”

“ಹಾಲು ಕೊಡುತ್ತಾ?”

“ಸ್ವಾಮಿ!” ಎಂದು ಗೆರಾಸಿಮ್ ಎದ್ದುನಿಂತ. “ಮರ್ಯಾದೆಯಿಂದ ಮಾತಾಡಿ!”

ಕೋಣೆಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಶುವೈದ್ಯರು ಕೈಗವಸನ್ನು ಬಿಚ್ಚಿ, ಮತ್ತೆ ತೊಟ್ಟುಕೊಂಡರು. ಕೊಸ್ಮಿನ್ ಮೇಜಿನ ಮೇಲೆ ಎರಡೂ ಕೈ ಊರಿದ.

“ನೋಡಿ ಯಜಮಾನ್ರೇ, ನೀವು ಬಾಯಿ ಬಿಡದಿದ್ದರೆ ನಾನು ನಿಮ್ಮ ತಂಗಿ ಮೇಲೂ ಬರೆಯಬೇಕಾಗುತ್ತೆ. ಆಮೇಲೆ ಅವರು ಈ ಕಡೆಗೆ ಬರೋ ಪ್ರತಿ ಸಲವೂ ಸೇತುವೆ ಮೇಲೆ ನಿಲ್ಲಿಸಿ ಗಂಟೆಗಟ್ಟಲೆ ವಿಚಾರಿಸ್ತಾರೆ. ಬರೋದೇ ಬೇಡ ಅನಿಸಿಬಿಡುತ್ತೆ ಅವರಿಗೆ. ಒಂದೇ ಮಾತು ಹೇಳಿ. ಏನದು?”

ಗೆರಾಸಿಮನ ಮುಖ ಇಳಿದುಹೋಯಿತು. ಭೂಮಿಯ ಮೇಲೆ ಅವನಿಗಿದ್ದ ರಕ್ತಸಂಬಂಧ ಅದೊಂದೇ. ಈಸ್ಟರಿಗೆ, ಕ್ರಿಸ್ಮಸ್ಸಿಗೆ ಆ ಬಾಗಿಲನ್ನು ತಟ್ಟುವವಳು ಅವಳೊಬ್ಬಳೇ. ಮೇಯರನ ಕಡೆ ನೋಡಿದ. ಅಂದು ‘ಗಂಡಸು ಅಂದ್ರೆ ನೀನು’ ಎಂದು ತಬ್ಬಿಕೊಂಡವನು. ಪ್ರೊಫೀರಾಳ ಕಡೆ ನೋಡಿದ. ನಾಲ್ಕು ವರ್ಷದ ಸಾರು ಅಲ್ಲಿ ಕುಳಿತಿತ್ತು. ಬಾಯಿ ತೆರೆದ. ಮುಚ್ಚಿದ. ಹನ್ನೆರಡೂವರೆಯವರೆಗೆ ಹೀಗೇ ನಡೆಯಿತು. ಊಟದ ಹೊತ್ತಿಗೆ ಪ್ರೊಫೀರಾ ಯಾರನ್ನೂ ಕೇಳದೆ ಪಾತ್ರೆ ತೆರೆದು ಎಲ್ಲರಿಗೂ ಸಾರು ಬಡಿಸಿದಳು. ಶಂಕಿತನಿಗೂ ಒಂದು ಬಟ್ಟಲು ಸಿಕ್ಕಿತು.

ಆಗ ಹೊರಗೆ ಬಸ್ಸು ನಿಂತ ಸದ್ದಾಯಿತು. ಹೆಜ್ಜೆಗಳು ನೇರವಾಗಿ, ಎಲ್ಲೂ ಅನುಮಾನಿಸದೆ, ಬಾಗಿಲವರೆಗೆ ಬಂದವು.

“ಇಲ್ಲಿ ಪಂಪಿನ ವಿಚಾರಣೆ ನಡೀತಿದೆಯಂತಲ್ಲ. ಇದೇ ಕೋಣೆಯಾ?”

ಕಂದು ಕೋಟಿನ, ಎತ್ತರದ ಹೆಂಗಸು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಪಾಸ್‌ಪೋರ್ಟ್. ಕಿವಿಯಲ್ಲಿ ಓಲೆ. ಬೆಳಗ್ಗೆ ಸುದ್ದಿ ಕೇಳಿದೊಡನೆ ಹೊರಟು, ಎರಡು ಬಸ್ಸು ಹಿಡಿದು, ಮೂವತ್ತು ಕಿಲೋಮೀಟರ್ ಕೆಳಗಿನ ಸೇತುವೆಯಲ್ಲಿ ಸಾಲಿನಲ್ಲಿ ನಿಂತು, ಮುದ್ರೆ ಹಾಕಿಸಿಕೊಂಡು, ಮತ್ತೆ ಮೂವತ್ತು ಕಿಲೋಮೀಟರ್ ಮೇಲೆ ಬಂದಿದ್ದಳು. ಅವಳ ಮನೆಯ ದ್ರಾಕ್ಷಿ ಚಪ್ಪರ ಠಾಣೆಯ ಕಿಟಕಿಯಿಂದಲೇ ಕಾಣುತ್ತಿತ್ತು.

“ನೀವು ಯಾರು?” ಎಂದ ಕೊಸ್ಮಿನ್.

“ಪಂಪು ನಾನೇ. ಬುಧವಾರದಿಂದ ಮೇಕೆಯೂ ನಾನೇ.”

ಪಶುವೈದ್ಯರ ಚಮಚ ಬಟ್ಟಲಿನೊಳಗೆ ಬಿತ್ತು. ಕೊಸ್ಮಿನ್ ಕಡತ ತೆರೆದು, ಬೆರಳಿಟ್ಟು, ತಡವರಿಸಿದ. “ಐವತ್ತೆಂಟು...”

“ಐವತ್ತೇಳು. ಐವತ್ತೆಂಟು ಆಗೋದು ಬರುವ ನವೆಂಬರಿಗೆ. ತಿದ್ದಿಕೊಳ್ಳಿ. ಪಾಸ್‌ಪೋರ್ಟ್ ಇಗೋ, ಹತ್ತು ವರ್ಷದ್ದು. ಬಣ್ಣ ನನ್ನ ತಲೆಗೂದಲಿನದು, ನಾನೇ ಹಚ್ಚಿಕೊಂಡಿದ್ದು. ಮತ್ತೆ ನನ್ನ ಗಂಡ ಸತ್ತಿದ್ದು ಹೃದಯದ ಕಾಯಿಲೆಯಿಂದ. ಆರು ತಿಂಗಳು ಹಾಸಿಗೆ ಹಿಡಿದಿದ್ದ. ನೋಡಿಕೊಂಡವಳು ನಾನು. ಕೆಲವರು ಏನಂತಾರೋ, ಅವರನ್ನ ನನ್ನ ಮುಂದೆ ಬಂದು ಅನ್ನೋಕೆ ಹೇಳಿ.”

ಗೆರಾಸಿಮನಿಗೆ ತಾನು ನದಿ ದಡದಲ್ಲಿ ನಗುನಗುತ್ತ ಕೂಗಿದ್ದ ಒಂದೊಂದು ಮಾತೂ ಈಗ ಕಿವಿಯಲ್ಲಿ ಮೊಳಗಿತು. ಅವಳ ಮನೆ ಆಚೆ ದಡದ ಮೇಲೆಯೇ ಇದೆಯೆಂದು ಅಗ್ಲಾಯಾ ಒಮ್ಮೆಯೂ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ಲಿಸಾವೇತಾ ಅವನತ್ತ ತಿರುಗಿದಳು. ಪಾಳಿಯಲ್ಲಿ ನಲವತ್ತು ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಕೈ ತೊಳೆಸಿದ ಕಣ್ಣುಗಳು ಅವು.

“ನೀವೇನಾ? ಎದ್ದು ನಿಲ್ಲಿ.”

ಗೆರಾಸಿಮ್ ನಿಂತ. ಅವಸರದಲ್ಲಿ ಪಶುವೈದ್ಯರೂ ನಿಂತುಬಿಟ್ಟರು.

“ಯಾವ ವರ್ಷದ್ದು?”

“ಅರವತ್ತರದು.”

“ಎಷ್ಟು ಭಾಗ ಸ್ವಂತದ್ದು?”

“ಹಲ್ಲು ಹತ್ತೊಂಬತ್ತು ಸ್ವಂತದ್ದು. ಎಡಮಂಡಿಯೊಳಗೆ ಲೋಹ ಇಟ್ಟಿದ್ದಾರೆ.”

“ಸದ್ದು ಮಾಡ್ತೀರಾ?”

ಗೆರಾಸಿಮ್ ಉತ್ತರಿಸುವ ಮೊದಲೇ ಬೆಂಚಿನಿಂದ ಪ್ರೊಫೀರಾ ಹೇಳಿದಳು: “ಗೊರಕೆ. ಕಿಟಕಿ ಹಾಕಿದ್ರೂ ನಮ್ಮನೆವರೆಗೆ ಬರುತ್ತೆ.”

ಅಭ್ಯಾಸಬಲದಿಂದ ಕೊಸ್ಮಿನ್ ಅದನ್ನೂ ಬರೆದುಕೊಂಡ.

“ಸರಿ” ಎಂದಳು ಲಿಸಾವೇತಾ. ಚೀಲವನ್ನು ಮೇಜಿನ ಮೇಲಿಟ್ಟಳು. ದನಿ ಸ್ವಲ್ಪ ಇಳಿಯಿತು. “ಈಗ ಪಂಪು ಬಿಟ್ಟು, ಮೇಕೆ ಬಿಟ್ಟು, ಮನುಷ್ಯರ ಮಾತಲ್ಲಿ ಹೇಳಿ. ನಾನು ನಿಮಗೆ ಯಾಕೆ ಬೇಕಾಗಿದ್ದೆ?”

ಗೆರಾಸಿಮ್ ಬಾಗಿಲ ಕಡೆ ನೋಡಿದ. ಅಲ್ಲಿ ಇಬ್ಬರು ಪೇದೆಗಳು ಕಿವಿ ನಿಮಿರಿಸಿ ನಿಂತಿದ್ದರು. ಕಿಟಕಿಯ ಕಡೆ ನೋಡಿದ. ಅಲ್ಲಿ ಗಾಳದವರ ನಾಲ್ಕು ಟೋಪಿಗಳಿದ್ದವು. ತನ್ನ ಗಂಟಲೇ ತನ್ನನ್ನು ಊರಿಗೆಲ್ಲ ಮಾರಿದ್ದು ಎಂಬುದು ಅವನಿಗೆ ಆಗ, ಬಹಳ ತಡವಾಗಿ, ಅರ್ಥವಾಯಿತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ಬೆಳಗ್ಗೆ ಎದ್ದು ಮುದ್ದೆ ತಿರುವ್ತೀನಿ” ಎಂದ. “ಒಬ್ಬನಿಗೆ ಸಾಕು ಅಂತ ಎಷ್ಟು ಕಮ್ಮಿ ಹಿಟ್ಟು ಹಾಕಿದ್ರೂ ಇಬ್ಬರಿಗಾಗುವಷ್ಟು ಆಗಿಬಿಡುತ್ತೆ. ನಾಲ್ಕು ವರ್ಷ ಆಯ್ತು. ಇನ್ನೂ ಅಳತೆ ಸಿಕ್ಕಿಲ್ಲ.”

ಮೇಯರ್ ನಿಕಿಫೋರ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನೆಲ ನೋಡಿದ. “ಹೊಸಿಲು ದಾಟಲ್ಲ ಅಂದಿದ್ಯಲ್ಲೋ...” ಎಂದು ಶುರುಮಾಡಿದವನು, ತಾನೇ “ಮೂರು ಲೋಟ ಆಗಿತ್ತು ಬಿಡು, ನಾನೇ ಬಗ್ಗಿಸಿದ್ದು” ಎಂದು ಮುಗಿಸಿದ.

ಪ್ರೊಫೀರಾ ಎದ್ದಳು. ಖಾಲಿ ಪಾತ್ರೆಗೆ ಮುಚ್ಚಳ ಹಾಕಿದಳು. ಲಿಸಾವೇತಾಳನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, ಮೊಟ್ಟೆ ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲೇಬೇಕಾದವಳಂತೆ ತಲೆಯಾಡಿಸಿದಳು. ಬಾಗಿಲ ಹತ್ತಿರ ತಿರುಗಿ ಹೇಳಿದಳು: “ನನ್ನ ಮೂರು ಪಾತ್ರೆ ನಿನ್ನ ಮನೇಲಿದೆ. ನಾಳೆ ತೊಳೆದು ಕೊಡು, ಗೆರಾಸಿಮಣ್ಣ.”

ಆ ‘ಅಣ್ಣ’ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಗೆರಾಸಿಮ್ ತಲೆ ತಗ್ಗಿಸಿದ.

ಕಡತ ಮುಚ್ಚಬೇಕಿತ್ತು. ಆದರೆ ಐವತ್ತೆಂಟು ಪಂಪು, ಮಾತಾಡುವ ಒಂದು ಮೇಕೆ ಈಗಾಗಲೇ ಜಿಲ್ಲಾ ಕೇಂದ್ರದ ದಾಖಲೆಗೆ ಹತ್ತಿದ್ದವು. ಕೊಸ್ಮಿನ್ ಪೆನ್ನು ಕಚ್ಚಿ, ಬೆವರೊರೆಸಿ, ಕೊನೆಗೆ ಬರೆದ: ‘ಸದರಿ ವಸ್ತು ತಾನಾಗಿಯೇ ಠಾಣೆಗೆ ಹಾಜರಾಗಿ, ತಾನು ವಸ್ತುವಲ್ಲವೆಂದು ಮನವರಿಕೆ ಮಾಡಿಕೊಟ್ಟಿದೆ.’ ಪಶುವೈದ್ಯರು ಕೆಳಗೆ ‘ರೋಗಲಕ್ಷಣವಿಲ್ಲ’ ಎಂದು ಸಹಿ ಹಾಕಲು ಹೋದರು; ಲಿಸಾವೇತಾ ನೋಡಿದ ನೋಟಕ್ಕೆ ಪೆನ್ನು ಜೇಬಿಗೆ ವಾಪಸಾಯಿತು.

“ನನ್ನ ಬಸ್ಸು ಎರಡೂವರೆಗೆ” ಎಂದಳು ಆಕೆ, ಚೀಲ ಎತ್ತಿಕೊಳ್ಳುತ್ತ.

“ಅಂದ್ರೆ...” ಎಂದ ಗೆರಾಸಿಮ್.

“ಅಂದ್ರೆ ಇನ್ನೂ ಏನೂ ಇಲ್ಲ. ಎಂಟು ದಿನ ಎರಡೂರಿನವರ ಮುಂದೆ ನನ್ನನ್ನ ಪಂಪು ಮಾಡಿದ್ರಿ. ಅದು ಇಲ್ಲಿ ಎರಡು ಮಾತಿಗೆ ಮುಗಿಯೋದಲ್ಲ. ಭಾನುವಾರ ಬನ್ನಿ. ನದಿ ದಡಕ್ಕಲ್ಲ. ಸೇತುವೆ ಮೇಲಿಂದ, ಸಾಲಲ್ಲಿ ನಿಂತು, ಬಾಗಿಲಿಗೆ ಬನ್ನಿ. ಹೂವು ತನ್ನಿ. ಬೆಸ ಸಂಖ್ಯೆಯಲ್ಲಿ. ಸಮ ಸಂಖ್ಯೆ ಸತ್ತವರಿಗೆ, ನಾನಿನ್ನೂ ಸತ್ತಿಲ್ಲ.”

ಭಾನುವಾರ ಬೆಳಗ್ಗೆ ಗೆರಾಸಿಮ್ ಮದುವೆಯ ಕಾಲದ ಕಪ್ಪು ಸೂಟು ತೊಟ್ಟು, ಹಿತ್ತಲಿನ ಕೆಂಪು ಪಿಯೊನಿ ಹೂಗಳಲ್ಲಿ ಏಳನ್ನು ಕೊಯ್ದು, ಮೂರು ಸಲ ಎಣಿಸಿ, ಬಸ್ಸು ಹತ್ತಿದ. ಅದೇ ಬಸ್ಸಿನಲ್ಲಿ ಆ ದಿನ ಲುಂಟ್ರೆನಿಯ ಹನ್ನೊಂದು ಮಂದಿಗೆ ಆಚೆ ದೇಶದಲ್ಲಿ ಇದ್ದಕ್ಕಿದ್ದಂತೆ ಕೆಲಸವಿತ್ತು. ನಿಕಿಫೋರನಿಗೆ ಟೋಪಿ ಕೊಳ್ಳಬೇಕಿತ್ತು. ಗಾಳದವರಿಗೆ ಗಾಳ. ಯಾರೂ ಗೆರಾಸಿಮನ ಕಡೆ ನೋಡಲಿಲ್ಲ. ನೋಡದಿರಲು ಎಲ್ಲರೂ ಬಹಳ ಶ್ರಮಪಡುತ್ತಿದ್ದರು.

ಸೇತುವೆಯ ಹತ್ತಿರ ಎಲ್ಲರನ್ನೂ ಇಳಿಸಿ ಸಾಲಿನಲ್ಲಿ ನಿಲ್ಲಿಸಿದರು. ಬಿಸಿಲು ಏರಿತು. ಹೂವಿನ ಒಂದು ದಳ ಉದುರಿತು. ಗೆರಾಸಿಮ್ ಗಾಬರಿಯಿಂದ ಮತ್ತೆ ಎಣಿಸಿದ, ಏಳೇ ಇತ್ತು. ಅವನ ಸರದಿ ಬಂದಾಗ ಸುಂಕದ ಅಧಿಕಾರಿ ಗುರುತಿನ ಚೀಟಿ ನೋಡಿದ, ಸೂಟು ನೋಡಿದ, ಹೂವು ನೋಡಿದ. ಒಂಟಿ ಮುದುಕ, ಸಾಮಾನಿಲ್ಲ, ಹಣೆಯಲ್ಲಿ ಬೆವರು, ಹೂವನ್ನು ಮತ್ತೆ ಮತ್ತೆ ಎಣಿಸುವ ಬೆರಳು. ಅಧಿಕಾರಿಯ ಹುಬ್ಬು ಮೇಲೇರಿತು.

“ಯಾಕೆ ಎಣಿಸ್ತಾನೇ ಇದ್ದೀರಿ?”

“ಹಾಗೇ, ಸಾಹೇಬ್ರೇ.”

“ಹೇಳಿಕೊಳ್ಳೋದು ಏನಾದ್ರೂ ಇದೆಯಾ?” ಎಂದು ಅವನು, ಗಡಿ ದಾಟುವ ಪ್ರತಿಯೊಬ್ಬರನ್ನೂ ಸಾಮಾನಿನ ಬಗ್ಗೆ ಕೇಳುವ ಪ್ರಶ್ನೆಯನ್ನು, ಕೊಂಚ ಹೆಚ್ಚು ನಿಧಾನವಾಗಿ ಕೇಳಿದ.

ಹಿಂದಿನಿಂದ ಹನ್ನೊಂದು ಕತ್ತುಗಳು ಮುಂದಕ್ಕೆ ಚಾಚಿದವು.

ಗೆರಾಸಿಮ್ ಗಾಜಿನ ಕಿಂಡಿಯ ಹತ್ತಿರಕ್ಕೆ ಬಾಗಿ, ಬದುಕಿನಲ್ಲಿ ಮೊದಲ ಸಲ ಮೆಲ್ಲಗೆ ಹೇಳಿದ:

“ಇದೆ, ಸಾಹೇಬ್ರೇ. ಆದ್ರೆ ನಿಮ್ಮ ಹತ್ರ ಅಲ್ಲ.”